ಅತ್ತೆ ಎತ್ತಿಕೊಂಡ ಗರಿ

ಈ ಬರಹದಲ್ಲಿ ಯಾರ ಹೆಸರನ್ನೂ ಹಾಕಿಲ್ಲ. ಏಕೆ ಹಾಕಿಲ್ಲ ಎನ್ನುವುದು ಓದುತ್ತ ಹೋದಂತೆ ತಾನಾಗಿ ಗೊತ್ತಾಗುತ್ತದೆ. ಕನ್ನಡದಲ್ಲಿ ಬರೆಯುತ್ತಿರುವುದಕ್ಕೂ ಅದೇ ಕಾರಣ. ನನ್ನ ಗಂಡ ಕನ್ನಡ ಶಾಲೆಯ ಹೆಡ್‌ಮಿಸ್ಟ್ರೆಸ್ಸಿನ ಮಗನಾಗಿಯೂ ಕಾನ್ವೆಂಟಿನಲ್ಲಿ ಓದಿದವರು. ಅಂಗಡಿಯ ಬೋರ್ಡು, ಬಸ್ಸಿನ ಬೋರ್ಡು ಬಿಟ್ಟರೆ ಕನ್ನಡದಲ್ಲಿ ಬೇರೇನನ್ನೂ ಓದುವ ತಾಳ್ಮೆ ಅವರಿಗಿಲ್ಲ. ಈ ವಿಷಯಕ್ಕೆ ನಾನು ಅವರನ್ನು ಬೇಕಾದಷ್ಟು ಸಲ ಹಂಗಿಸಿದ್ದೇನೆ. ಈಗ ಅದು ನನಗೇ ಅನುಕೂಲವಾಗಿದೆ.

ನಾವಿರುವುದು ಮೇರಿಲ್ಯಾಂಡಿನ ಕೊಲಂಬಿಯಾದಲ್ಲಿ. ನಾನು ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಕಣ್ಣಾರೆ ನೋಡದ ರಿಪೋರ್ಟಿಗೆ ಸಹಿ ಹಾಕುವುದಿಲ್ಲ ಎಂದು ಮೇಲಿನವರ ಜೊತೆ ಜಗಳ ಕಾದವಳು ಎಂದು ಅಲ್ಲಿ ನನಗೆ ಹೆಸರಿದೆ. ಇದು ಜಂಬದ ಮಾತಲ್ಲ, ಒಂಥರಾ ಕಾಯಿಲೆ. ಸುಳ್ಳು ಹೇಳಬೇಕಾಗಿ ಬಂದರೆ ನನ್ನ ಕುತ್ತಿಗೆಯ ಮೇಲೆ ಕೆಂಪು ದದ್ದುಗಳು ಏಳುತ್ತವೆ. ಯಾರದಾದರೂ ಮನೆಗೆ ಹೋದಾಗ ಊಟ ಹೇಗಿತ್ತು ಎಂದು ಕೇಳಿದರೆ, ಸಾರಿಗೆ ಉಪ್ಪು ಸಾಲದು ಎಂದೇ ಹೇಳಿ ಬಂದಿದ್ದೇನೆ. ಕಾರಿನಲ್ಲಿ ಕೂತ ಮೇಲೆ ನನ್ನವರು ತಲೆ ಚಚ್ಚಿಕೊಳ್ಳುತ್ತಾರೆ.

ಅತ್ತೆ ಮೊದಲು ನಮ್ಮ ಮನೆಯಲ್ಲಿ ಹೆಚ್ಚು ದಿನ ಉಳಿದಿದ್ದು ಕೋವಿಡ್ ವರ್ಷ. ನೋಡಿಕೊಂಡು ಹೋಗಲು ಬಂದವರು, ವಿಮಾನಗಳು ನಿಂತುಹೋಗಿ ಸಿಕ್ಕಿಹಾಕಿಕೊಂಡರು. ಕೊತ್ತಂಬರಿ ಸೊಪ್ಪನ್ನು ನಾನು ಸೋಪಿನ ನೀರಿನಲ್ಲಿ ತೊಳೆದೆ ಎಂದು ಶುರುವಾದ ಜಗಳ, ಅವರು ವಾಪಸು ಹೋಗುವವರೆಗೂ ಒಂದಲ್ಲ ಒಂದು ನೆಪದಲ್ಲಿ ನಡೆದೇ ಇತ್ತು. ಅವರು ಹೋದ ಮಾರನೆಯ ದಿನ ಅಡುಗೆಮನೆಯಲ್ಲಿ ಒಬ್ಬಳೇ ನಿಂತಾಗ ನನಗೆ ಅಳು ಬಂತು. ನಾಚಿಕೆಯೂ ಆಯಿತು.

ಮೈಸೂರಿನಲ್ಲಿ ಅವರಿಗೆ ಏನೂ ಕಡಿಮೆಯಿರಲಿಲ್ಲ. ಎರಡನೆಯ ಮಗ, ಸೊಸೆ, ಮೊಮ್ಮಕ್ಕಳು, ಮನೆ ತುಂಬ ಜನ. ಆದರೂ ಫೋನಿನಲ್ಲಿ ನನಗೆ ಗುಟ್ಟಾಗಿ ಹೇಳುತ್ತಿದ್ದರು: "ಇಲ್ಲಿ ನನ್ನ ಹತ್ರ ಯಾರೂ ಜಗಳಾನೇ ಆಡಲ್ಲ ಕಣೇ. ಏನಂದ್ರೂ ಹೂಂ ಅಂತಾರೆ. ಬೇಜಾರು." ಅದರ ಅರ್ಥ ನನಗೆ ಗೊತ್ತಿತ್ತು. ಅತ್ತೆಗೆ ನಮ್ಮ ಜೊತೆ ಇರುವ ಆಸೆ. ನನಗೂ ಅವರು ಇರಲಿ ಎಂಬ ಆಸೆ. ಅದಕ್ಕೆ ದಾರಿ ಒಂದೇ: ನನ್ನವರು ಇಲ್ಲಿನ ಸಿಟಿಜನ್ ಆಗಬೇಕು, ಆಮೇಲೆ ತಾಯಿ ಇಲ್ಲೇ ನೆಲೆಸಲು ಬೇಕಾದ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಬೇಕು. ಎಷ್ಟೋ ವರ್ಷ ಗ್ರೀನ್ ಕಾರ್ಡಿನಲ್ಲೇ ಕಾಲ ತಳ್ಳಿದ ನಾವಿಬ್ಬರೂ ಕೊನೆಗೂ ಸಿಟಿಜನ್‌ಶಿಪ್ಪಿಗೆ ಅಪ್ಲೈ ಮಾಡಿದೆವು. ಎರಡು ಸಾವಿರದ ಇಪ್ಪತ್ತನಾಲ್ಕರ ನವರಾತ್ರಿ ಮುಗಿದ ಮೇಲೆ ಅತ್ತೆ ವಿಸಿಟರ್ ವೀಸಾದಲ್ಲಿ ಬಂದರು. ಅವರು ಇಲ್ಲಿರುವಾಗಲೇ ನಮ್ಮ ಇಂಟರ್‌ವ್ಯೂ ಮುಗಿದು, ಮಗ ಸಿಟಿಜನ್ ಆಗುವ ಪ್ರಮಾಣ ತೆಗೆದುಕೊಂಡರೆ, ಅವರು ಮತ್ತೆ ವಾಪಸು ಹೋಗಬೇಕಾಗಿಯೇ ಇರಲಿಲ್ಲ.

ನವೆಂಬರಿನ ಒಂದು ಭಾನುವಾರ ನಾವು ಸಸ್ಕ್ವೆಹಾನಾ ನದಿಯ ಅಣೆಕಟ್ಟಿಗೆ ಹೋದೆವು. ಚಳಿ ಶುರುವಾಗುವ ಆ ಕಾಲದಲ್ಲಿ ಬಾಲ್ಡ್ ಈಗಲ್‌ಗಳು ಅಲ್ಲಿಗೆ ಗುಂಪಾಗಿ ಬರುತ್ತವೆ. ಅವನ್ನು ನೋಡಲು ಜನವೂ ಬರುತ್ತಾರೆ. ಇದು ನನ್ನ ಮಗಳ ಯೋಜನೆ. ಅವಳು ಹೈಸ್ಕೂಲಿನಲ್ಲಿದ್ದಾಳೆ, ಅಜ್ಜಿಗೆ ಅಮೆರಿಕದ ಹಕ್ಕಿ ತೋರಿಸಬೇಕು ಎಂದು ಹಟ ಹಿಡಿದಿದ್ದಳು.

ಕಾರು ನಿಲ್ಲಿಸುವ ಜಾಗ ನೋಡಿದಾಗಲೇ ನನಗೆ ಸರಿ ಬರಲಿಲ್ಲ. ಅರ್ಧಕ್ಕರ್ಧ ಕಾರುಗಳಿಗೆ ಟಾರ್ಪಾಲು ಹೊದಿಸಿದ್ದರು. ಅಲ್ಲಿನ ಕಪ್ಪು ರಣಹದ್ದುಗಳು ಕಾರಿನ ಕಿಟಕಿಯ ಸುತ್ತಲಿನ ರಬ್ಬರನ್ನೇ ಕಿತ್ತು ತಿನ್ನುತ್ತವಂತೆ. ಒಂದು ನಮ್ಮ ಪಕ್ಕದ ಕಾರಿನ ಮೇಲೆ ಕೂತು ವೈಪರನ್ನು ಎಳೆಯುತ್ತಿತ್ತು. ಹೊಡೆದೋಡಿಸಿದರೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಮತ್ತೆ ಅದೇ ಕೆಲಸ. ಅತ್ತೆ ಸೆರಗನ್ನು ಜಾಕೆಟ್ಟಿನ ಒಳಗೆ ಸೇರಿಸಿಕೊಂಡು, "ಇದೇನೇ, ಸ್ಮಶಾನಕ್ಕೆ ಕರ್ಕೊಂಡು ಬಂದಿದ್ದೀರಾ?" ಎಂದರು.

ನದಿಯ ದಡದಲ್ಲಿ ಫಿರಂಗಿಯಷ್ಟು ಉದ್ದದ ಕ್ಯಾಮೆರಾ ಹಿಡಿದವರು ಸಾಲಾಗಿ ನಿಂತಿದ್ದರು. ಯಾರೂ ಮಾತನಾಡುತ್ತಿರಲಿಲ್ಲ. ಆಚೆ ವಿದ್ಯುತ್ ಗೋಪುರಗಳ ಮೇಲೆ, ಬಂಡೆಗಳ ಮೇಲೆ, ಎಲೆ ಉದುರಿದ ಮರಗಳ ಮೇಲೆ ಅವು ಕೂತಿದ್ದವು. ಕಂದು ಮೈ, ಬಿಳಿಯ ತಲೆ. ಅಲ್ಲಾಡುತ್ತಲೂ ಇರಲಿಲ್ಲ. ಆಮೇಲೆ ಅಣೆಕಟ್ಟಿನ ಸೈರನ್ ಕೂಗಿತು. ನೀರು ಬಿಡುವ ಮುಂಚೆ ಹಾಗೆ ಕೂಗಿಸುತ್ತಾರೆ. ನೀರಿನ ರಭಸಕ್ಕೆ ಮೀನುಗಳು ದಿಕ್ಕೆಟ್ಟು ಮೇಲೆ ತೇಲಿದವು, ಅಷ್ಟೂ ಹಕ್ಕಿಗಳು ಒಟ್ಟಿಗೆ ಎರಗಿದವು. ಮೀನು ಹಿಡಿದದ್ದರ ಮೇಲೆ ಹಿಡಿಯದ್ದು ಬೀಳುತ್ತಿತ್ತು, ಗಾಳಿಯಲ್ಲೇ ಕಿತ್ತುಕೊಳ್ಳುತ್ತಿತ್ತು. ಈ ದೇಶದ ನೋಟಿನ ಮೇಲೆ, ಮುದ್ರೆಯ ಮೇಲೆ ನೋಡಿದ್ದ ಹಕ್ಕಿ ಇದೇ ಎಂದು ನಂಬಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಅತ್ತೆ ಮಾತ್ರ ಬೇರೆಯೇ ಲೋಕದಲ್ಲಿದ್ದರು. ಎರಡೂ ಕೈ ಜೋಡಿಸಿ, ಕೆನ್ನೆ ಕೆನ್ನೆ ತಟ್ಟಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡಿದ್ದರು.

"ಕೃಷ್ಣಗರುಡ ಕಣೇ. ಬಿಳೀ ಕುತ್ತಿಗೆ, ಕಂದು ಮೈ. ನಮ್ಮ ಶ್ರೀರಂಗಪಟ್ಟಣದಲ್ಲಿ ಹೊಳೆ ಮೇಲೆ ಸುತ್ತುತ್ತಲ್ಲ, ಅದೇ."

"ಅಲ್ಲ ಅತ್ತೆ, ಇದು ಬೇರೆ ಜಾತಿ. ಬಾಲ್ಡ್ ಈಗಲ್. ಬೋಳು ಹದ್ದು."

"ಬೋಳು ಎಲ್ಲಿದೆ? ತಲೆ ತುಂಬ ಗರಿ ಇದೆ. ನಿಮ್ಮ ದೇಶದಲ್ಲಿ ಹಾಲಿನ ಕ್ಯಾನೂ ದೊಡ್ಡದು, ಚಮಚಾನೂ ದೊಡ್ಡದು. ಗರುಡ ದೊಡ್ಡದಾಗಿದ್ರೆ ಏನು ಆಶ್ಚರ್ಯ?"

ನಮ್ಮ ಕಡೆ ಗರುಡನನ್ನು ಕಂಡರೆ ನಿಂತು ಕೈ ಮುಗಿಯುತ್ತಾರೆ. ದೇವಸ್ಥಾನದ ಕುಂಭಾಭಿಷೇಕದ ದಿನ ಗರುಡ ಬಂದು ಗೋಪುರಕ್ಕೆ ಒಂದು ಸುತ್ತು ಹಾಕಲಿ ಎಂದು ಸಾವಿರಾರು ಜನ ಬಿಸಿಲಲ್ಲಿ ಕತ್ತೆತ್ತಿ ಕಾಯುತ್ತಾರೆ. ಹಾಗೆ ಕಾದು ಬೆಳೆದ ಹೆಂಗಸಿಗೆ ಒಂದೇ ಸಲಕ್ಕೆ ಆಕಾಶ ತುಂಬ ಗರುಡ ಕಂಡರೆ ಏನಾಗಬೇಡ? ನಾನು ವಾದ ಮಾಡುವುದನ್ನು ಬಿಟ್ಟೆ.

ಕಾರಿಗೆ ವಾಪಸು ಬರುವಾಗ ಬೇಲಿಯ ಬುಡದಲ್ಲಿ ಅತ್ತೆಗೆ ಆ ಗರಿ ಸಿಕ್ಕಿತು. ಬಾಲದ ಗರಿ, ಮೊಳಕ್ಕೆ ಸ್ವಲ್ಪ ಕಡಿಮೆ, ಅಚ್ಚ ಬಿಳಿ. ಬಗ್ಗಿ ಎತ್ತಿಕೊಂಡು ಕಣ್ಣಿಗೆ ಒತ್ತಿಕೊಂಡರು. ಅಜ್ಜಿಯ ಸಂಭ್ರಮ ನೋಡಿ ಮಗಳು ಫೋನ್ ತೆಗೆದಳು. ಅತ್ತೆ ಗರಿಯನ್ನು ತಲೆಗಿಂತ ಮೇಲೆ ಹಿಡಿದು, ಸ್ಕೂಲ್ ಡೇಗೆ ಬಹುಮಾನ ತೆಗೆದುಕೊಂಡವರ ಹಾಗೆ ನಿಂತರು. ಅಷ್ಟರಲ್ಲಿ ಕ್ಯಾಮೆರಾ ಹಿಡಿದಿದ್ದ ಒಬ್ಬ ವಯಸ್ಸಾದವನು ನಮ್ಮತ್ತ ತಿರುಗಿ, ಅದನ್ನು ಇದ್ದಲ್ಲೇ ಇಟ್ಟುಬಿಡಿ ಮೇಡಂ ಎಂದು ಇಂಗ್ಲಿಷಿನಲ್ಲಿ ಹೇಳಿದ. ನನಗೆ ಪಿತ್ತ ನೆತ್ತಿಗೇರಿತು. ಹಕ್ಕಿ ಜ್ವರದ ಸುದ್ದಿ ಎಲ್ಲೆಲ್ಲೂ ಇದ್ದ ದಿನಗಳು. ಇವನು ಯಾವ ಊರ ಪೊಲೀಸ್, ನಮಗೆ ಕೈ ತೊಳೆಯುವುದು ಗೊತ್ತಿಲ್ಲವೇ ಎಂದುಕೊಂಡೆ. ಪರವಾಗಿಲ್ಲ, ಥ್ಯಾಂಕ್ಸ್ ಎಂದು ಖಾರವಾಗಿ ಹೇಳಿ ಅತ್ತೆಯ ತೋಳು ಹಿಡಿದು ಕರೆದುಕೊಂಡು ಬಂದೆ. ಕಾರಿನ ಬಾಗಿಲು ಹಾಕುವಾಗ ತಿರುಗಿ ನೋಡಿದರೆ ಅವನ ಉದ್ದನೆಯ ಲೆನ್ಸು ನಮ್ಮ ಕಡೆಗೇ ಇತ್ತು. ನಮ್ಮನ್ನು ಹಿಡಿಯುತ್ತಿದ್ದನೋ, ನಮ್ಮ ಹಿಂದಿದ್ದ ಹಕ್ಕಿಯನ್ನೋ, ಇವತ್ತಿಗೂ ಗೊತ್ತಿಲ್ಲ.

ಗರಿ ನಮ್ಮ ದೇವರ ಗೂಡಿಗೆ ಬಂತು. ಅತ್ತೆ ಅದನ್ನು ವೆಂಕಟರಮಣನ ಪಟದ ಪಕ್ಕದಲ್ಲಿ ಬೆಳ್ಳಿ ಲೋಟದಲ್ಲಿ ನಿಲ್ಲಿಸಿ, ಬುಡಕ್ಕೆ ಅರಿಶಿನ ಕುಂಕುಮ ಹಚ್ಚಿದರು. ದಿನಾ ಬೆಳಗ್ಗೆ ದೀಪ ಹಚ್ಚುವವಳು ನಾನೇ. ಗರಿಗೂ ಆರತಿ ಆಗುತ್ತಿತ್ತು. ಫೋಟೋ ಅತ್ತೆಯ ರಿಟೈರ್ಡ್ ಮೇಷ್ಟ್ರುಗಳ ವಾಟ್ಸಾಪ್ ಗುಂಪಿಗೆ ಹೋಯಿತು, "ಅಮೆರಿಕದಲ್ಲಿ ಗರುಡ ಕೃಪೆ" ಎಂಬ ಒಕ್ಕಣೆಯ ಜೊತೆ.

ಚುನಾವಣೆ ಮುಗಿದು ಜನವರಿ ಬರುವ ಹೊತ್ತಿಗೆ, ಹೊಸ ಸರ್ಕಾರ ವಲಸೆ ಬಂದವರ ಮೇಲೆ ಬಿಗಿ ಮಾಡುತ್ತದೆ ಎಂದು ನಮ್ಮ ಜನರ ಮಾತಿನ ಧಾಟಿಯೇ ಬದಲಾಗಿತ್ತು. ಯಾರ ಮನೆಗೆ ಹೋದರೂ ಅದೇ. ಗ್ರೀನ್ ಕಾರ್ಡನ್ನು ಪರ್ಸಿನಲ್ಲೇ ಇಟ್ಟುಕೊಂಡು ಓಡಾಡಿ, ಇಂಡಿಯಾಗೆ ಹೋಗುವ ಮುಂಚೆ ಫೋನ್ ಕ್ಲೀನ್ ಮಾಡಿ ಎನ್ನುತ್ತಿದ್ದರು. ಏರ್‌ಪೋರ್ಟಿನಲ್ಲಿ ಯಾರನ್ನೋ ಕೂರಿಸಿಕೊಂಡು ಫೇಸ್‌ಬುಕ್ಕಿನ ಹಳೇ ಪೋಸ್ಟುಗಳ ಬಗ್ಗೆಯೆಲ್ಲ ಕೇಳಿದರಂತೆ. ಯಾರನ್ನು, ಯಾವ ಏರ್‌ಪೋರ್ಟಿನಲ್ಲಿ ಎಂದರೆ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದರಿಂದಲೇ ಹೆದರಿಕೆ ಹೆಚ್ಚಾಗುತ್ತಿತ್ತು.

ಸಂಕ್ರಾಂತಿಗೆ ಎಳ್ಳು ಬೀರಲು ಸ್ನೇಹಿತರ ಮನೆಗೆ ಹೋಗಿದ್ದೆವು. ಅಲ್ಲಿಗೆ ಒಬ್ಬರು ಹಿರಿಯ ಡಾಕ್ಟರು ಬಂದಿದ್ದರು. ನಾವೆಲ್ಲ ಅಂಕಲ್ ಎನ್ನುತ್ತೇವೆ. ನಾವು ಹುಟ್ಟುವ ಮುಂಚೆಯೇ ಈ ದೇಶಕ್ಕೆ ಬಂದವರು, ಹಕ್ಕಿ ನೋಡುವ ಹುಚ್ಚಿನವರು. ಅತ್ತೆ ತಮ್ಮ ಫೋಟೋವನ್ನು ಎಲ್ಲರಿಗೂ ತೋರಿಸುತ್ತ ಅವರಿಗೂ ತೋರಿಸಿದರು. ಅಂಕಲ್ ನಕ್ಕರು, ಚೆನ್ನಾಗಿದೆ ಎಂದರು. ಆಮೇಲೆ ನನ್ನನ್ನು ಬೇಸ್‌ಮೆಂಟಿನ ಮೆಟ್ಟಿಲ ಹತ್ತಿರ ಕರೆದರು. ಆಗ ಅವರ ಮುಖದಲ್ಲಿ ನಗು ಇರಲಿಲ್ಲ.

"ಅದು ಇನ್ನೂ ಮನೇಲಿದೆಯಾ?"

"ಇದೆ ಅಂಕಲ್. ದೇವರ ಗೂಡಲ್ಲಿ."

"ಆ ಹಕ್ಕಿ ಗರಿ ಇಟ್ಕೊಳ್ಳೋ ಹಾಗಿಲ್ಲಮ್ಮ. ತಾನಾಗೇ ಉದುರಿ ಬಿದ್ದಿದ್ರೂ ಎತ್ಕೊಳ್ಳೋ ಹಾಗಿಲ್ಲ. ಫೆಡರಲ್ ಲಾ. ಇಲ್ಲಿನ ಮೂಲನಿವಾಸಿಗಳು ಬಿಟ್ರೆ ಇನ್ಯಾರೂ ಮುಟ್ಟೋ ಹಾಗಿಲ್ಲ. ಅವರಿಗೂ ಪರ್ಮಿಟ್ ಬೇಕು. ನಿಮ್ಮ ಇಂಟರ್‌ವ್ಯೂ ಯಾವಾಗ?"

"ಮಾರ್ಚಲ್ಲಿ."

ಮೇಲೆ ಹೆಂಗಸರು ಆರತಿ ಹಾಡುತ್ತಿದ್ದರು. ಅಂಕಲ್ ಒಂದು ಮೆಟ್ಟಿಲು ಕೆಳಗಿಳಿದು ದನಿ ತಗ್ಗಿಸಿದರು. "ಅಲ್ಲಿ ಒಂದು ಪ್ರಶ್ನೆ ಕೇಳ್ತಾರೆ," ಎಂದರು. "ಅರೆಸ್ಟ್ ಆಗದೇ ಇರೋ ಯಾವ್ದಾದ್ರೂ ಅಪರಾಧ ಮಾಡಿದ್ದೀರಾ ಅಂತ. ಪ್ರಮಾಣ ಮಾಡಿಸಿ ಕೇಳ್ತಾರೆ. ಸಾಮಾನ್ಯವಾಗಿ ಇಂಥ ಸಣ್ಣದಕ್ಕೆ ಯಾರೂ ತಲೆ ಕೆಡಿಸ್ಕೊಳ್ಳಲ್ಲ. ಆದ್ರೆ ಈಗಿನ ಕಾಲ ನೋಡು. ಅಲ್ಲಿ ಸುಳ್ಳು ಹೇಳಿದ್ದು ಯಾವತ್ತು ಗೊತ್ತಾದ್ರೂ ಸಿಟಿಜನ್‌ಶಿಪ್ ವಾಪಸ್ ತಗೋಬಹುದು. ಅದಕ್ಕೆ ಇಷ್ಟು ವರ್ಷ ಅಂತ ಲೆಕ್ಕ ಇಲ್ಲ."

ಆ ರಾತ್ರಿ ಮನೆಗೆ ಬಂದು ನನ್ನವರಿಗೆ ಹೇಳಿದೆ. ಅವರು ಮೊದಲು ನಕ್ಕರು, ಆಮೇಲೆ ಫೋನಿನಲ್ಲಿ ಹುಡುಕಿ ನೋಡಿ ಬಿಳಿಚಿಕೊಂಡರು. ಫೋಟೋವನ್ನು ಎಲ್ಲ ಕಡೆ ಅಳಿಸಿದೆವು. ಅಳಿಸಿ ಏನು ಬಂತು? ಮರುವಾರ ನನ್ನ ಸೋದರತ್ತೆಯ ಮಗಳು ತುಮಕೂರಿನಿಂದ ಒಂದು ಶುಭೋದಯ ಸಂದೇಶ ಕಳಿಸಿದಳು. ಸುತ್ತಲೂ ಹೂವು, ಉರಿಯುವ ದೀಪ, ಮಧ್ಯದಲ್ಲಿ ನಮ್ಮ ಅತ್ತೆ, ಕೈಯಲ್ಲಿ ಗರಿ. ಸಾಕ್ಷಾತ್ ಗರುಡನೇ ಕೊಟ್ಟ ಗರಿ, ಹನ್ನೊಂದು ಜನಕ್ಕೆ ಕಳಿಸಿದರೆ ಒಳ್ಳೆಯ ಸುದ್ದಿ ಬರುತ್ತದೆ ಎಂದು ಕೆಳಗೆ ಬರೆದಿತ್ತು. ಅವಳಿಗೆ ಅದು ನಮ್ಮ ಅತ್ತೆ ಎಂದೇ ಗೊತ್ತಾಗಿರಲಿಲ್ಲ. ಅಲ್ಲಿಂದಾಚೆಗೆ ಫೋನ್ ಟಣ್ ಎಂದರೆ ಮತ್ತೆ ಅದೇ ಫೋಟೋ ಇರಬಹುದೇ ಎಂದು ನೋಡುತ್ತಿದ್ದೆ.

ಗರಿಯನ್ನು ಏನು ಮಾಡುವುದು? ಕಸದ ಬುಟ್ಟಿಗೆ ಹಾಕಿ ಮುಗಿಸಿ ಎಂದರು ನನ್ನವರು. ಅತ್ತೆ ಕೆಂಡವಾದರು.

"ಪೂಜೆ ಮಾಡಿದ್ದನ್ನ ಕಸಕ್ಕೆ ಹಾಕೋಕೆ ನಾನೇನು ಸತ್ತಿದ್ದೀನಾ?"

"ಅಮ್ಮ, ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

"ಕದ್ದು ತಂದಿಲ್ಲ, ಕೊಂದು ತಂದಿಲ್ಲ. ಕೆಳಗೆ ಬಿದ್ದಿತ್ತು. ಬಿದ್ದ ಗರಿಗೂ ಯಜಮಾನ್ರು ಇರ್ತಾರೇನೋ?"

"ಇಲ್ಲಿ ಇರ್ತಾರೆ, ಅಜ್ಜಿ," ಎಂದಳು ಮಗಳು. "ಅದು ಗವರ್ನಮೆಂಟ್‌ದು. ಅದು ಈಗ ನ್ಯಾಷನಲ್ ಬರ್ಡ್. ಲಾಸ್ಟ್ ಮಂತ್ ಅಫಿಷಿಯಲ್ ಮಾಡಿದ್ರು." ಹೇಳಿದ ಮೇಲೆ ಅಳುತ್ತ ರೂಮಿಗೆ ಹೋದಳು. ಫೋಟೋ ತೆಗೆದವಳು ಅವಳಲ್ಲವೇ?

ಕೊನೆಗೆ ಅತ್ತೆ ಒಂದು ಮಾತಿಗೆ ಒಪ್ಪಿದರು. ಪೂಜೆ ಮಾಡಿದ ಹಳೆಯ ಪಟ, ಗಣೇಶ, ಹೂವು ಇವನ್ನೆಲ್ಲ ಏನು ಮಾಡುತ್ತೇವೋ ಅದನ್ನೇ ಮಾಡುವುದು. ಹರಿಯುವ ನೀರಿಗೆ ಬಿಡುವುದು. ಅತ್ತೆ ಮತ್ತು ನಾನು ಇಬ್ಬರೇ ಮನೆಯ ಹಿಂದಿನ ತೊರೆಗೆ ಹೋದೆವು. ದಡದಲ್ಲಿ ಹಿಮ ಗಟ್ಟಿಯಾಗಿತ್ತು, ನಡುವೆ ಒಂದು ಸೀಳು ಮಾತ್ರ ನೀರು ಹರಿಯುತ್ತಿತ್ತು. ಅತ್ತೆ ಗರಿಗೆ ಅಕ್ಷತೆ ಹಾಕಿ, ತಪ್ಪಾಯ್ತು ಸ್ವಾಮಿ ಎಂದು ಹೇಳಿ ಬಿಟ್ಟರು. ಗರಿ ಮುಳುಗಲಿಲ್ಲ. ಎರಡು ಮಾರು ದೂರ ತೇಲಿ, ಹಿಮದ ಅಂಚಿಗೆ ಸಿಕ್ಕಿಕೊಂಡು ಅಲ್ಲೇ ನಿಂತಿತು. ಬುಡದ ಕುಂಕುಮ ಕರಗಿ ಸುತ್ತಲಿನ ಹಿಮ ಕೆಂಪಾಯಿತು. ನಾನು ಕೋಲು ಹುಡುಕಿದೆ. ಅತ್ತೆ ನನ್ನ ಕೈ ಹಿಡಿದು, "ಬೇಡ. ಬಾ ಹೋಗೋಣ," ಎಂದರು. ತಿರುಗಿಯೂ ನೋಡದೆ ಸರಸರ ನಡೆದರು. ಅವರಿಗೆ ಹೆದರಿಕೆ ಆದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಶಕುನ ಗಿಕುನ ಎಂದರೆ ಮೂಗು ಮುರಿಯುವವಳು ನಾನು. ಆದರೂ ಆ ವಾರವೆಲ್ಲ ಲ್ಯಾಬಿಗೆ ಹೋಗುವ ದಾರಿಯಲ್ಲಿ ಕೆರೆಯ ಮೇಲೆ ಯಾವುದಾದರೂ ದೊಡ್ಡ ಹಕ್ಕಿ ಕಂಡರೆ ಕಣ್ಣು ತಪ್ಪಿಸುತ್ತಿದ್ದೆ. ಆ ಹಕ್ಕಿ ಈ ಊರಲ್ಲಿ ಎಲ್ಲಿಲ್ಲ? ಅಂಚೆಯಲ್ಲಿ ಬರುವ ಸರ್ಕಾರದ ಕಾಗದದ ಮೇಲೆ, ಬೀದಿಯ ಕೊನೆಯ ಮನೆಯ ಬಾವುಟದ ಕೋಲಿನ ತುದಿಯಲ್ಲಿ, ಮಗಳ ಶಾಲೆಯ ಗೋಡೆಯ ಮೇಲೆ. ಇಷ್ಟು ವರ್ಷ ಅದು ಅಲ್ಲೇ ಇತ್ತು. ನಾನು ಗಮನಿಸಿರಲಿಲ್ಲ, ಅಷ್ಟೆ.

ಇಂಟರ್‌ವ್ಯೂ ಬಾಲ್ಟಿಮೋರಿನಲ್ಲಿ. ಇಬ್ಬರಿಗೂ ಒಂದೇ ದಿನ ಕೊಟ್ಟಿದ್ದರು. ದಾರಿಯುದ್ದಕ್ಕೂ ನನ್ನವರು ನನಗೆ ಪಾಠ ಹೇಳಿದರು.

"ಈಗ ಮನೇಲಿ ಗರಿ ಇಲ್ಲ. ನೀನು ಏನೂ ಮಾಡಿಲ್ಲ. ಇಲ್ಲ ಅನ್ನು, ಮುಗೀತು. ದೊಡ್ಡ ಹರಿಶ್ಚಂದ್ರನ ಹಾಗೆ ಆಡ್ಬೇಡ. ಅಮ್ಮ ಇಲ್ಲಿರಬೇಕೋ ಬೇಡ್ವೋ?"

"ಇರ್ಬೇಕು."

"ಮತ್ತೆ?"

ನಾನು ಕಿಟಕಿಯಾಚೆ ನೋಡುತ್ತ ಸ್ಕಾರ್ಫನ್ನು ಕುತ್ತಿಗೆಗೆ ಇನ್ನೂ ಬಿಗಿಯಾಗಿ ಸುತ್ತಿಕೊಂಡೆ.

ಮೊದಲು ಅವರನ್ನು ಕರೆದರು. ಆಮೇಲೆ ನನ್ನನ್ನು, ಬೇರೆ ಕೋಣೆಗೆ. ನನಗೆ ಸಿಕ್ಕಿದ ಆಫೀಸರ್ ಚಿಕ್ಕ ವಯಸ್ಸಿನ ಹೆಂಗಸು, ಒಳ್ಳೆಯ ಮಾತುಗಾರ್ತಿ. ಬಲಗೈ ಎತ್ತಿಸಿ ನಿಜ ಹೇಳುತ್ತೇನೆ ಎಂದು ಪ್ರಮಾಣ ಮಾಡಿಸಿದಳು. ಅವಳ ಹಿಂದೆ ಗೋಡೆಯ ಮೇಲೆ ದುಂಡನೆಯ ಮುದ್ರೆ, ಅದರಲ್ಲಿ ರೆಕ್ಕೆ ಬಿಚ್ಚಿದ ಹಕ್ಕಿ. ಚರಿತ್ರೆಯ ಪ್ರಶ್ನೆಗಳಿಗೆ ಪಟಪಟನೆ ಉತ್ತರ ಕೊಟ್ಟೆ. ಆಮೇಲೆ ಅವಳು ಹೌದು ಇಲ್ಲಗಳ ಸಾಲನ್ನು ಓದತೊಡಗಿದಳು. ಇಲ್ಲ, ಇಲ್ಲ, ಇಲ್ಲ ಎನ್ನುತ್ತ ಹೋದೆ. ಅಂಕಲ್ ಹೇಳಿದ್ದ ಪ್ರಶ್ನೆಯೂ ಅದೇ ಓಟದಲ್ಲಿ ಬಂತು. ನಾನು ಗೋಡೆಯ ಮೇಲಿನ ಹಕ್ಕಿಯನ್ನೇ ನೋಡುತ್ತ ಕೂತೆ. ಅವಳು ತಲೆಯೆತ್ತಿ ನೋಡಿದಳು, ಅರ್ಥವಾಗಲಿಲ್ಲವೇನೋ ಎಂದು ಇನ್ನೊಂದು ಸಲ ನಿಧಾನವಾಗಿ ಓದಿದಳು.

ಹೌದು ಎಂದೆ.

ಹೇಳಿದ ಕ್ಷಣ ಒಂಥರಾ ಹಗುರವಾಯಿತು. ಅಣೆಕಟ್ಟು, ಗರಿ, ದೇವರ ಗೂಡು, ಕಾನೂನು ಗೊತ್ತಾದ ಮೇಲೆ ನೀರಿಗೆ ಬಿಟ್ಟದ್ದು, ಎಲ್ಲವನ್ನೂ ಹೇಳಿದೆ. ಅವಳು ಟೈಪ್ ಮಾಡುತ್ತಿದ್ದಳು. ನಡುವೆ ನಿಲ್ಲಿಸಿ, ಅದನ್ನು ಎತ್ತಿಕೊಂಡದ್ದು ನೀವೇ ತಾನೇ ಎಂದು ಕೇಳಿದಳು. ಆ ಪ್ರಶ್ನೆಗೆ ನಾನು ತಯಾರಾಗಿರಲಿಲ್ಲ. ಅತ್ತೆಯ ಪಾಸ್‌ಪೋರ್ಟು, ಅವರ ವೀಸಾ, ಎಲ್ಲ ಅವಳ ಮುಂದಿನ ಕಂಪ್ಯೂಟರಿನಲ್ಲೇ ಎಲ್ಲೋ ಇದ್ದಂತೆ ನನಗೆ ಅನಿಸಿತು. ಆ ಹೆಸರನ್ನು ನಾನು ಹೇಳಿದರೆ, ಇವಳ ಬೆರಳು ಅದನ್ನು ಒತ್ತಿದರೆ, ಆಮೇಲೆ ಅದು ಅಳಿಸಿಹೋಗುವುದಿಲ್ಲ.

ಹೌದು, ನಾನೇ ಎಂದೆ.

ಸ್ಕಾರ್ಫಿನ ಒಳಗೆ ಕುತ್ತಿಗೆ ಉರಿಯಿತು. ಅವಳು ಥ್ಯಾಂಕ್ಸ್ ಹೇಳಿದಳು, ಇವತ್ತೇ ತೀರ್ಮಾನ ಹೇಳಲಾಗುವುದಿಲ್ಲ, ಇನ್ನೂ ನೋಡಬೇಕಾದದ್ದಿದೆ ಎಂದಳು. ಹೊರಗೆ ನನ್ನವರು ಪಾಸಾದ ಖುಷಿಯಲ್ಲಿ ಕಾಯುತ್ತಿದ್ದರು. ನಿನ್ನದು ಏನಾಯಿತು ಎಂದರು. ಇನ್ನೂ ಏನೋ ಚೆಕ್ ಮಾಡಬೇಕಂತೆ ಎಂದೆ. ಅದು ಸುಳ್ಳಲ್ಲ. ಸಾಮಾನ್ಯ ಎಲ್ಲರಿಗೂ ಹಾಗೇ ಮಾಡ್ತಾರೆ ಬಿಡು ಎಂದು ಅವರು ದಾರಿಯಲ್ಲಿ ನಿಲ್ಲಿಸಿ ಕಾಫಿ ಕೊಡಿಸಿದರು.

ಅತ್ತೆಗೆ ಮಾತ್ರ ಮುಚ್ಚಿಡಲು ಆಗಲಿಲ್ಲ. ಅವರು ನನ್ನ ಕುತ್ತಿಗೆಯನ್ನು ನೋಡಿದರು, ಅಷ್ಟೇ ಸಾಕಾಯಿತು. ಅಡುಗೆಮನೆಯಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದರು. ನಾನು ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಹೊಗಳುತ್ತಾರೆ ಎಂದು ಒಳಗೊಳಗೆ ಆಸೆಯಿತ್ತೇನೋ. ಅವರು ಸೊಪ್ಪು ಬಿಡಿಸುವುದನ್ನು ನಿಲ್ಲಿಸಲೇ ಇಲ್ಲ.

"ದಡ್ಡಿ," ಎಂದರು. "ನನ್ನ ಹೆಸರು ಹೇಳ್ಬೇಕಿತ್ತು."

"ಹೇಳಿದ್ರೆ ನಿಮ್ಮನ್ನ ಇರೋಕೆ ಬಿಡ್ತಿರಲಿಲ್ಲ ಅತ್ತೆ."

"ಈಗ ಬಿಡ್ತಾರಾ? ನನಗೆ ಅಪ್ಲೈ ಮಾಡಿದ್ರೆ ಇಂಥದೇ ಪ್ರಶ್ನೆ ನನಗೂ ಕೇಳ್ತಾರೆ ತಾನೇ?"

ನಾನು ಒಂದು ಕಡ್ಡಿ ಸೊಪ್ಪು ಎತ್ತಿಕೊಂಡು ಬಿಡಿಸತೊಡಗಿದೆ.

"ನನ್ನ ಮುಖ ಊರೆಲ್ಲ ಸುತ್ತುತ್ತಿದೆ, ಕೈಯಲ್ಲಿ ಗರಿ ಹಿಡ್ಕೊಂಡು. ಇಲ್ಲ ಅಂದ್ರೆ ನಾನು ಸುಳ್ಳಿ. ಹೌದು, ನಾನೇ ಎತ್ತಿದ್ದು ಅಂದ್ರೆ ನೀನು ಸುಳ್ಳಿ. ಪ್ರಮಾಣ ಮಾಡಿ ಸುಳ್ಳು ಹೇಳಿದವಳು." ಸೊಪ್ಪಿನ ಬುಟ್ಟಿಯನ್ನು ನನ್ನ ಮಡಿಲಿಗೆ ತಳ್ಳಿದರು. "ಮಕ್ಕಳಿಗೆ ಇಷ್ಟು ವರ್ಷ ಪಾಠ ಹೇಳ್ದೋಳು ನಾನು. ಒಂದು ಸಲ ತಪ್ಪು ಬರೆದ್ರೆ ಅಳಿಸಬಹುದು, ಇದನ್ನ ಯಾವ ರಬ್ಬರಲ್ಲಿ ಅಳಿಸ್ತೀಯ?"

ಆಮೇಲೆ ಅವರು ಅತ್ತರು. ನಾನೂ ಅತ್ತೆ. ಇಬ್ಬರೂ ಸೇರಿ ಅತ್ತದ್ದು ಅದೇ ಮೊದಲು, ಕೋವಿಡ್ ಕಾಲದಲ್ಲೂ ಆಗಿರಲಿಲ್ಲ. ಮಗ ಅಡುಗೆಮನೆಗೆ ಬರುವ ಹೊತ್ತಿಗೆ ಅತ್ತೆ ಮುಖ ತೊಳೆದುಕೊಂಡು, ಮೆಂತ್ಯದ ಬಾತಿಗೆ ಒಗ್ಗರಣೆ ಹಾಕುತ್ತಿದ್ದರು. ಊಟಕ್ಕೆ ಕೂತಾಗ, ನನಗೆ ಟಿಕೆಟ್ ಬುಕ್ ಮಾಡು, ಯುಗಾದಿ ಹೊತ್ತಿಗೆ ಮೈಸೂರಲ್ಲಿ ಇರಬೇಕು ಎಂದರು. ನನ್ನವರು ಎಷ್ಟು ಹೇಳಿದರೂ ಕೇಳಲಿಲ್ಲ. ಏಕೆ ಎಂದರೆ ಇಲ್ಲಿನ ಚಳಿ ಎಂದರು, ಮಂಡಿ ನೋವು ಎಂದರು.

ನನ್ನವರು ವಸಂತ ಮುಗಿಯುವ ಮೊದಲೇ ಪ್ರಮಾಣ ತೆಗೆದುಕೊಂಡರು. ನನ್ನದು ತಿಂಗಳುಗಟ್ಟಲೆ ಏನೂ ಬರಲಿಲ್ಲ. ಅಂಚೆಯ ಗಾಡಿಯ ಸದ್ದು ಕೇಳಿದರೆ ಊಟ ಬಿಟ್ಟು ಬಾಗಿಲಿಗೆ ಹೋಗುತ್ತಿದ್ದೆ. ಬೇಸಿಗೆಯ ಕೊನೆಯಲ್ಲಿ ಒಂದು ದಿನ ಕಾಗದ ಬಂತು: ಒಪ್ಪಿದ್ದಾರೆ. ಗರಿಯ ಬಗ್ಗೆ ಒಂದಕ್ಷರವೂ ಇರಲಿಲ್ಲ. ಖುಷಿಯಾಗಬೇಕಿತ್ತು. ಈ ಕಾಗದ ಯಾವುದರ ಮೇಲೆ ನಿಂತಿದೆ ಎಂದು ಗೊತ್ತಿದ್ದವರು ಇಬ್ಬರೇ, ನಾನು ಮತ್ತು ಮೈಸೂರಿನಲ್ಲಿ ಕೂತ ಅತ್ತೆ. ಅಂಕಲ್ ಹೇಳಿದ ಮಾತು ಕಿವಿಯಲ್ಲಿ ಕೂತುಬಿಟ್ಟಿದೆ. ಇಷ್ಟು ವರ್ಷ ಅಂತ ಲೆಕ್ಕ ಇಲ್ಲ.

ನನ್ನವರು ತಾಯಿಯ ಅರ್ಜಿಗೆ ಬೇಕಾದದ್ದನ್ನೆಲ್ಲ ತಾವೇ ತಯಾರು ಮಾಡಿಟ್ಟುಕೊಂಡಿದ್ದಾರೆ. ಪ್ರತಿ ಭಾನುವಾರ ಫೋನಿನಲ್ಲಿ ಅದೇ ಮಾತು. ಮೊನ್ನೆ ಸ್ಪೀಕರಿನಲ್ಲಿ ಹಾಕಿ ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಮಾತಾಡುತ್ತಿದ್ದರು. ನಾನು ಪಾತ್ರೆ ಒರೆಸುತ್ತಿದ್ದೆ.

"ಒಂದು ಸೈನ್ ಅಮ್ಮ. ಒಂದೇ ಒಂದು. ಮಿಕ್ಕಿದ್ದೆಲ್ಲ ನಾನು ಮಾಡ್ತೀನಿ."

"ಬೇಡ ಕಣೋ. ಆ ಚಳಿ ನನಗಾಗಲ್ಲ."

"ಚಳಿ ಅಂತೆ. ಐದು ವರ್ಷದ ಹಿಂದೆ ಇರಲಿಲ್ವಾ ಚಳಿ?" ಅವರು ಫೋನಿನ ಹತ್ತಿರ ಬಗ್ಗಿದರು. "ನೇರವಾಗಿ ಹೇಳಿಬಿಡು. ನಾವು ನಿನಗೆ ಬೇಡ."

"ಹೂಂ, ಹಾಗೇ ಅಂದ್ಕೋ," ಎಂದರು ಅತ್ತೆ.

ನನ್ನವರು ಎದ್ದು ಹಿತ್ತಿಲಿಗೆ ಹೋದರು, ಬಾಗಿಲು ದಡಾರನೆ ಬಿತ್ತು. ಕಿಟಕಿಯಿಂದ ಕಾಣುತ್ತಿತ್ತು, ಬೇಲಿಯ ಹತ್ತಿರ ಮನೆಗೆ ಬೆನ್ನು ಹಾಕಿ ನಿಂತಿದ್ದರು. ನಾನು ಕೈ ಒರೆಸಿಕೊಂಡು ಫೋನ್ ಎತ್ತಿಕೊಂಡೆ.

"ಅತ್ತೆ, ನಾನು ಇವತ್ತು ಹೇಳಿಬಿಡ್ತೀನಿ. ನನ್ನ ಕೈಲಿ ಆಗ್ತಾ ಇಲ್ಲ."

"ಬಾಯಿ ಮುಚ್ಕೊಂಡಿರು," ಎಂದರು ಅತ್ತೆ. "ಬೈಯೋದಾದ್ರೆ ನನ್ನನ್ನೇ ಬೈಲಿ. ನಾನು ದೂರ ಇದ್ದೀನಿ. ನೀನು ಅವನ ಜೊತೆ ಇರಬೇಕಾದವಳು."